ತೋಳಿನ ಬಿಪಿ ಸರಿಯಿದೆ, ಸಿಟಿಯಲ್ಲಿ ‘ಪಲ್ಮನರಿ ಹೈಪರ್‌ಟೆನ್ಶನ್’ ಎಂದಿದೆ: ಯಾವುದನ್ನು ನಂಬಲಿ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಅಮ್ಮನಿಗೆ 59 ವರ್ಷ. ಒಂದೂವರೆ ವರ್ಷದಿಂದ ತೋಟದ ಏರು ಹತ್ತಿದರೆ ಏದುಸಿರು. ವಯಸ್ಸಾಯಿತು, ತೂಕ ಹೆಚ್ಚಾಯಿತು ಅಂದುಕೊಂಡೆವು. ಈಗ ಅಂಗಳದಿಂದ ಕಣದವರೆಗೆ ನಡೆದರೂ ನಿಂತು ಸುಧಾರಿಸಿಕೊಳ್ಳಬೇಕು, ಸಂಜೆಗೆ ಪಾದ ಊದಿರುತ್ತದೆ. ಹೋದ ವರ್ಷದ ಎಕ್ಸ್‌ರೇ ನಾರ್ಮಲ್ ಎಂದಿದ್ದರು. ಈಗ ಎಚ್‌ಆರ್‌ಸಿಟಿ ಮಾಡಿಸಿದೆವು. ಮುಖ್ಯ ಪಲ್ಮನರಿ ಆರ್ಟರಿ 33 ಮಿ.ಮೀ., ಅಯೋರ್ಟಾ 30 ಮಿ.ಮೀ., ಮೊಸಾಯಿಕ್ ಅಟೆನ್ಯುಯೇಶನ್, ಅಲ್ಪ ಎಂಫಿಸೀಮಾ, ‘ಪಲ್ಮನರಿ ಹೈಪರ್‌ಟೆನ್ಶನ್ ಇರಬಹುದು’ ಎಂದು ವರದಿಯಲ್ಲಿದೆ. ಎಕೋದಲ್ಲಿ ಟಿಆರ್ ವೇಗ 3.2, ಆರ್‌ವಿಎಸ್‌ಪಿ 49. ಹೃದಯದ ಬಲಗಡೆ ದೊಡ್ಡದಾಗಿದೆ, ಎಡಗಡೆ ಮತ್ತು ಕವಾಟಗಳು ಸರಿಯಿವೆ. ಆದರೆ ತೋಳಿನ ಬಿಪಿ ಎಷ್ಟು ಸಲ ನೋಡಿದರೂ 124/80. ಹಾಗಾದರೆ ಈ ಹೈಪರ್‌ಟೆನ್ಶನ್ ಎಲ್ಲಿಂದ ಬಂತು? ಹೋದ ವರ್ಷ ಎಕ್ಸ್‌ರೇ ನೋಡಿದವರು ತಪ್ಪಿದರೇ? ನೆಂಟರಲ್ಲೊಬ್ಬ ಡಾಕ್ಟರು ಕೂಡಲೇ ಸಿಲ್ಡೆನಾಫಿಲ್ ಶುರುಮಾಡಿ ಎನ್ನುತ್ತಾರೆ. ಇನ್ನೊಬ್ಬರು ಹೃದಯಕ್ಕೆ ತೂರುನಳಿಗೆ ಹಾಕಿ ಅಳೆಯಬೇಕು ಎಂದರು, ಅಮ್ಮ ಹೆದರಿದ್ದಾಳೆ. ವಾಟ್ಸಾಪ್‌ನಲ್ಲಿ ಬಂದ ಪ್ರಕಾರ ಈ ಕಾಯಿಲೆಯವರಿಗೆ ಎರಡು-ಮೂರು ವರ್ಷವಷ್ಟೇ ಆಯುಸ್ಸಂತೆ. ಅಮ್ಮ ಜೀವನವಿಡೀ ಸೌದೆ ಒಲೆಯ ಮುಂದೆ ಕೂತವಳು, ಅದೇ ಕಾರಣವಿರಬಹುದೇ? ಮಸ್ಕತ್‌ನಲ್ಲಿರುವ ತಮ್ಮನ ಮನೆಗೆ ಮುಂದಿನ ತಿಂಗಳಿಗೆ ಟಿಕೆಟ್ ಆಗಿದೆ, ಕಳಿಸಬಹುದೇ? ಇನ್ನೊಂದು ವಿಷಯ, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ: 2021ರಲ್ಲಿ ಗರ್ಭಕೋಶದ ಆಪರೇಶನ್ ಆದ ಮೇಲೆ ಎಡಗಾಲು ಊದಿ, ಉಸಿರು ಕಟ್ಟಿ, ಆಗೊಂದು ಸಿಟಿ ಮಾಡಿ ರಕ್ತ ತೆಳು ಮಾಡುವ ಮಾತ್ರೆ ಮೂರು ತಿಂಗಳು ಕೊಟ್ಟಿದ್ದರು. ಆಮೇಲೆ ನಿಲ್ಲಿಸಿದೆವು.

ಉತ್ತರ: ಎದೆಯ ಎಕ್ಸ್‌ರೇ, ಸಿಟಿಗಳನ್ನು ಓದಿ ವರದಿ ಬರೆಯುವುದು ನನ್ನ ಕೆಲಸ. ನೀವು ಕೊನೆಗೆ, ಬರೆಯಲೋ ಬೇಡವೋ ಎಂದುಕೊಂಡು ಸೇರಿಸಿದ ಆ ಎರಡು ಸಾಲೇ ನನ್ನ ಮಟ್ಟಿಗೆ ಈ ಪತ್ರದ ಮುಖ್ಯ ಭಾಗ. ಆದರೆ ಉಳಿದ ಪ್ರಶ್ನೆಗಳಿಗೆ ಉತ್ತರಿಸದೆ ಅಲ್ಲಿಗೆ ಹಾರಿದರೆ ನಿಮಗೆ ವಿಷಯ ಹಿಡಿತಕ್ಕೆ ಸಿಗುವುದಿಲ್ಲ.

ಮೊದಲು ಬಿಪಿಯ ಗೊಂದಲ. ಹೃದಯದಿಂದ ರಕ್ತ ಹೊರಡುವ ದಾರಿಗಳು ಎರಡು. ಎಡಭಾಗ ಇಡೀ ಮೈಗೆ ರಕ್ತ ಕಳಿಸುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವುದು ಆ ದಾರಿಯ ಒತ್ತಡ. ಬಲಭಾಗ ಶ್ವಾಸಕೋಶಕ್ಕಷ್ಟೇ ರಕ್ತ ಕಳಿಸುತ್ತದೆ. ಅಲ್ಲಿಯ ಒತ್ತಡ ತುಂಬ ಕಡಿಮೆ, ಆರೋಗ್ಯವಂತರಲ್ಲಿ ಸರಾಸರಿ 14 ಮಿ.ಮೀ. ಪಾದರಸದ ಆಸುಪಾಸು. ಅದು ವಿಶ್ರಾಂತಿಯಲ್ಲೇ 20 ದಾಟಿದರೆ ಪಲ್ಮನರಿ ಹೈಪರ್‌ಟೆನ್ಶನ್ ಎನ್ನುತ್ತೇವೆ. 2018ರವರೆಗೆ ಈ ಗಡಿ 25 ಆಗಿತ್ತು, ಹಳೆಯ ಲೇಖನಗಳಲ್ಲಿ ಆ ಅಂಕಿ ಕಂಡರೆ ತಬ್ಬಿಬ್ಬಾಗಬೇಡಿ. ತೋಳಿನ ಬಿಪಿಗೂ ಇದಕ್ಕೂ ನೇರ ಸಂಬಂಧವಿಲ್ಲ. 124/80 ಇರುವವರಲ್ಲಿ ಶ್ವಾಸಕೋಶದ ಒತ್ತಡ ಮೂರು ಪಟ್ಟಾಗಿರಬಹುದು. ಮಾಮೂಲು ಬಿಪಿ ಮಾತ್ರೆ ಇದನ್ನು ಇಳಿಸುವುದಿಲ್ಲ. ಬಲಭಾಗ ಸೋತಿರುವವರಿಗೆ ಸುಮ್ಮನೆ ಬಿಪಿ ಮಾತ್ರೆ ಕೊಟ್ಟರೆ ತಲೆ ಸುತ್ತಿ ಬೀಳುವುದೂ ಉಂಟು. ಉಪ್ಪು, ಬೆಳ್ಳುಳ್ಳಿ, ಸಿಟ್ಟು ಇವ್ಯಾವುವೂ ಇಲ್ಲಿ ಕಾರಣವಲ್ಲ. ಮನೆಯಲ್ಲಿ ಯಾರೂ ಯಾರನ್ನೂ ದೂರಬೇಕಿಲ್ಲ.

ಇನ್ನು ಹೋದ ವರ್ಷದ ಎಕ್ಸ್‌ರೇ. ಫಿಲ್ಮನ್ನು ಬೆಳಕಿಗೆ ಹಿಡಿದಾಗ ಹೃದಯದ ಎಡ ಅಂಚಿನಲ್ಲಿ ಮೇಲೆ ಅಯೋರ್ಟಾದ, ಅಂದರೆ ಮೈಗೆಲ್ಲ ರಕ್ತ ಒಯ್ಯುವ ಮಹಾಧಮನಿಯ, ಗುಬುಟು ಕಾಣುತ್ತದೆ. ಅದರ ಕೆಳಗಿನ ಸಣ್ಣ ತುಂಡೇ ಮುಖ್ಯ ಪಲ್ಮನರಿ ಆರ್ಟರಿ, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ. ಸಾಮಾನ್ಯವಾಗಿ ಅದು ನೇರವಾಗಿ ಅಥವಾ ತುಸು ಒಳಸರಿದು ಇರುತ್ತದೆ. ಒತ್ತಡ ಹೆಚ್ಚಿದವರಲ್ಲಿ ಅಲ್ಲೊಂದು ಹೊಸ ಉಬ್ಬು ಮೂಡುತ್ತದೆ. ಬಲಗಡೆ ಕೆಳಕ್ಕಿಳಿಯುವ ಧಮನಿಯ ಅಗಲ ಗಂಡಸರಲ್ಲಿ 16, ಹೆಂಗಸರಲ್ಲಿ 15 ಮಿ.ಮೀ. ಮೀರಿದರೆ ನಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ. ಮುಂದುವರಿದ ಕಾಯಿಲೆಯಲ್ಲಿ ಬುಡದ ನಾಳಗಳು ದಪ್ಪ, ಅಂಚಿಗೆ ಹೋಗಬೇಕಾದ ಸಣ್ಣ ಕವಲುಗಳು ಥಟ್ಟನೆ ಮಾಯ. ನಿಮ್ಮ ಕಡೆಯವರಿಗೆ ಹೇಳುವುದಾದರೆ, ಮರಗಸಿ ಮಾಡಿದ ಮೇಲೆ ನಿಂತ ನೆರಳುಮರದ ಹಾಗೆ: ಬೊಡ್ಡೆ ಇದೆ, ರೆಂಬೆ ಇಲ್ಲ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಎದೆಮೂಳೆಯ ಹಿಂದಿನ ಖಾಲಿ ಜಾಗವನ್ನು ಹಿಗ್ಗಿದ ಬಲ ಹೃತ್ಕುಕ್ಷಿ ತುಂಬಿಕೊಳ್ಳುತ್ತದೆ. ಆದರೆ ಪಕ್ಕದ ಎಕ್ಸ್‌ರೇ ತೆಗೆಸುವವರು ಈಗ ಯಾರಿದ್ದಾರೆ!

ಇದೆಲ್ಲ ಬೆಳೆದುನಿಂತ ಕಾಯಿಲೆಯ ಚಿತ್ರ. ಆರಂಭದಲ್ಲಿ ಎಕ್ಸ್‌ರೇ ಪೂರ್ತಿ ನಾರ್ಮಲ್ ಆಗಿರಬಹುದು. ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಪಲ್ಮನರಿ ಹೈಪರ್‌ಟೆನ್ಶನ್ ಇಲ್ಲ ಎನ್ನುವಂತಿಲ್ಲ. ಹಾಗಾಗಿ ಹೋದ ವರ್ಷದ ಡಾಕ್ಟರು ತಪ್ಪಿದರು ಎಂದು ನಾನಿಲ್ಲಿ ಕೂತು ಹೇಳಲಾರೆ. ಇದರ ಉಲ್ಟಾವೂ ಇದೆ. ಮಲಗಿಸಿ ತೆಗೆದ, ಉಸಿರು ಪೂರ್ತಿ ಎಳೆದುಕೊಳ್ಳದ, ಮೈ ಸ್ವಲ್ಪ ತಿರುಗಿದ ಎಕ್ಸ್‌ರೇಯಲ್ಲಿ ಆರೋಗ್ಯವಂತರ ನಾಳಗಳೂ ದಪ್ಪಗೆ ಕಾಣುತ್ತವೆ. ತೆಳ್ಳಗಿನ ಹುಡುಗಿಯರಲ್ಲಿ ಆ ಎಡ ಅಂಚಿನ ಉಬ್ಬು ಸಹಜವಾಗಿಯೇ ಇರಬಹುದು. ‘ಪ್ರಾಮಿನೆಂಟ್ ಹೈಲಾ’ (ಶ್ವಾಸಕೋಶದ ಬುಡದ ನಾಳಗಳು ಎದ್ದು ಕಾಣುತ್ತಿವೆ) ಎಂಬ ಎರಡು ಪದ ನೋಡಿ ನಿದ್ದೆಗೆಟ್ಟ ಎಷ್ಟೋ ಮನೆಯವರು ನನ್ನ ಕೋಣೆಗೆ ಬಂದಿದ್ದಾರೆ. ಅವರಲ್ಲಿ ಅನೇಕರಿಗೆ ಏನೂ ಇರಲಿಲ್ಲ.

ಈಗ ನಿಮ್ಮ 33 ಮಿ.ಮೀ. ಇದನ್ನು ಅಳೆಯುವ ಜಾಗ, ಪಲ್ಮನರಿ ಆರ್ಟರಿ ಎಡಕ್ಕೂ ಬಲಕ್ಕೂ ಕವಲೊಡೆಯುವ ಮಟ್ಟ. ಅದೇ ಚಿತ್ರದಲ್ಲಿ ಪಕ್ಕದಲ್ಲೇ ಅಯೋರ್ಟಾ ದುಂಡಗೆ ಕಾಣುತ್ತದೆ. ಎರಡಕ್ಕೂ ಗೆರೆ ಎಳೆದು ಹೋಲಿಸುತ್ತೇವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಆರೋಗ್ಯವಂತರನ್ನು ಅಳೆದಾಗ ಸಿಕ್ಕ ಮೇಲಿನ ಮಿತಿ ಗಂಡಸರಿಗೆ 29, ಹೆಂಗಸರಿಗೆ 27 ಮಿ.ಮೀ. ಯುರೋಪಿನ 2022ರ ಮಾರ್ಗಸೂಚಿ 30 ಅಥವಾ ಹೆಚ್ಚು ಅಗಲವನ್ನು ಗಂಭೀರವಾಗಿ ತೆಗೆದುಕೊಳ್ಳಿ ಎನ್ನುತ್ತದೆ. ನಿಮ್ಮ ತಾಯಿಯದು ಎರಡೂ ಗಡಿ ದಾಟಿದೆ, ಅಯೋರ್ಟಾಕ್ಕಿಂತ ದಪ್ಪವೂ ಆಗಿದೆ. ವಯಸ್ಸಾದಂತೆ ಅಯೋರ್ಟಾವೇ ಹಿಗ್ಗುವುದರಿಂದ ಐವತ್ತು ದಾಟಿದವರಲ್ಲಿ ಈ ಹೋಲಿಕೆ ಎಷ್ಟೋ ಸಲ ಕಾಯಿಲೆಯನ್ನು ಮುಚ್ಚಿಡುತ್ತದೆ. ಆ ವಯಸ್ಸಿನಲ್ಲೂ ಪಲ್ಮನರಿ ಆರ್ಟರಿಯೇ ಮುಂದಿದ್ದರೆ ಅದಕ್ಕೆ ತೂಕ ಜಾಸ್ತಿ.

ಹಾಗೆಂದು 33 ಎಂಬ ಅಂಕಿಯೊಂದರಿಂದ ಕಾಯಿಲೆ ಖಚಿತವಾಗುವುದಿಲ್ಲ. ಗೆರೆ ತುಸು ಓರೆಯಾದರೆ, ಹೃದಯ ಕುಗ್ಗಿದ ಕ್ಷಣಕ್ಕೂ ಹಿಗ್ಗಿದ ಕ್ಷಣಕ್ಕೂ, ನನ್ನ ಅಳತೆಗೂ ನನ್ನ ಸಹೋದ್ಯೋಗಿಯ ಅಳತೆಗೂ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಬರುತ್ತದೆ. ಶ್ವಾಸಕೋಶ ನಾರುಗಟ್ಟಿ ಕುಗ್ಗಿದವರಲ್ಲಿ ಒತ್ತಡ ಏರದಿದ್ದರೂ ಈ ನಾಳ ಹಿಗ್ಗಿರುತ್ತದೆ. ಪಲ್ಮನರಿ ಕವಾಟ ಕಿರಿದಾಗಿದ್ದರೆ ಅದರಾಚೆಯ ನಾಳ ಉಬ್ಬುತ್ತದೆ. ಹೃದಯದ ಗೋಡೆಯಲ್ಲಿ ಹುಟ್ಟಿನಿಂದ ರಂಧ್ರವಿದ್ದರೆ ಹೆಚ್ಚುವರಿ ರಕ್ತ ಹರಿದೇ ಉಬ್ಬುತ್ತದೆ. ಇನ್ನೊಂದು: ಅಗಲ ಹೆಚ್ಚಾದಷ್ಟೂ ಒತ್ತಡ ಅದೇ ಲೆಕ್ಕದಲ್ಲಿ ಹೆಚ್ಚು ಎಂದೇನಿಲ್ಲ, ಒತ್ತಡ ಇಳಿದ ಮೇಲೂ ಹಿಗ್ಗಿದ ನಾಳ ಹಳೆಯ ಅಳತೆಗೆ ಮರಳಬೇಕೆಂದಿಲ್ಲ. ಆರು ತಿಂಗಳಿಗೊಮ್ಮೆ ಸಿಟಿ ಮಾಡಿಸಿ 33 ಈಗ 34 ಆಯಿತೇ ಎಂದು ಎಣಿಸುವುದರಿಂದ ದುಡ್ಡು ಹೋಗುತ್ತದೆ, ವಿಕಿರಣ ತಗಲುತ್ತದೆ, ಅಷ್ಟೇ.

ಆದ್ದರಿಂದ ನಾವು ಒಂದು ಅಳತೆಗೆ ಜೋತುಬೀಳದೆ ಹೃದಯದ ಕಡೆ ನೋಡುತ್ತೇವೆ. ಬಲ ಹೃತ್ಕುಕ್ಷಿ ಎಡದ್ದಕ್ಕಿಂತ ದೊಡ್ಡದಾಗಿದೆಯೇ, ಅದರ ಗೋಡೆ ದಪ್ಪಗಾಗಿದೆಯೇ, ಎರಡರ ನಡುವಿನ ಗೋಡೆ ಎಡಕ್ಕೆ ಬಾಗಿದೆಯೇ, ರಕ್ತನಾಳಕ್ಕೆ ಕೊಟ್ಟ ಕಾಂಟ್ರಾಸ್ಟ್ ಔಷಧ ಮುಂದಕ್ಕೆ ಹೋಗಲಾರದೆ ಯಕೃತ್ತಿನ ನಾಳಗಳಿಗೆ ಹಿಮ್ಮುಖವಾಗಿ ಇಳಿದಿದೆಯೇ ಎಂದು. ಆದರೆ ನಿಮ್ಮ ತಾಯಿಗೆ ಮಾಡಿದ್ದು ಎಚ್‌ಆರ್‌ಸಿಟಿ. ಸಾಮಾನ್ಯವಾಗಿ ಅದಕ್ಕೆ ಕಾಂಟ್ರಾಸ್ಟ್ ಕೊಡುವುದಿಲ್ಲ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ರಕ್ತವೂ ಹೃದಯದ ಗೋಡೆಯೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಶ್ವಾಸಕೋಶದ ಅಂಗಾಂಶ ನೋಡಲು ಎಚ್‌ಆರ್‌ಸಿಟಿ ಬಹಳ ಒಳ್ಳೆಯದು, ನಾಳಗಳ ಒಳಗೇನಿದೆ ಎಂದು ಅದು ಹೇಳಲಾರದು. ಈ ಮಾತು ನೆನಪಿನಲ್ಲಿರಲಿ, ಮತ್ತೆ ಬೇಕಾಗುತ್ತದೆ.

ಎಕೋ ವರದಿಯ 49 ಎಲ್ಲಿಂದ ಬಂತೆಂದು ನೋಡಿ. ಬಲಗಡೆಯ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗ ಸೆಕೆಂಡಿಗೆ 3.2 ಮೀಟರ್. ಅದನ್ನು ಅದರಿಂದಲೇ ಗುಣಿಸಿ, ನಾಲ್ಕರಿಂದ ಗುಣಿಸಿದರೆ 41. ಅದಕ್ಕೆ ಬಲ ಹೃತ್ಕರ್ಣದ ಒತ್ತಡವೆಂದು ಅಂದಾಜಿನ 8 ಸೇರಿಸಿದ್ದಾರೆ. ಅಂದರೆ ಇದು ಲೆಕ್ಕ ಹಾಕಿ ಬಂದದ್ದು, ಒಳಗೆ ಹೋಗಿ ಅಳೆದದ್ದಲ್ಲ; ನಿಜವಾದ ಒತ್ತಡ ಇದಕ್ಕಿಂತ 10 ಹೆಚ್ಚೋ ಕಡಿಮೆಯೋ ಇರುವುದು ಅಪರೂಪವಲ್ಲ. ಮತ್ತೊಂದು, ಈ 49 ಹೃದಯ ಬಡಿದ ಕ್ಷಣದ ಗರಿಷ್ಠ ಒತ್ತಡ. ಮೇಲೆ ಹೇಳಿದ ಗಡಿ 20 ಸರಾಸರಿಯದು. ಎರಡನ್ನೂ ಪಕ್ಕಪಕ್ಕ ಇಟ್ಟು ‘ಎರಡೂವರೆ ಪಟ್ಟು’ ಎಂದು ಗಾಬರಿಯಾಗುವವರು ಬಹಳ. ವೇಗ 2.8ರೊಳಗಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ ಕಾಯಿಲೆಯ ಸಂಭವ ಕಡಿಮೆ, 3.4 ದಾಟಿದರೆ ಹೆಚ್ಚು. ನಿಮ್ಮದು ನಡುವಿನದು. ಆದರೆ ಬಲಭಾಗ ದೊಡ್ಡದಾಗಿರುವುದು, ಸಿಟಿಯ ಅಳತೆ, ಏದುಸಿರು, ಕಾಲಿನ ಬಾವು ಎಲ್ಲ ಸೇರಿದರೆ ತಕ್ಕಡಿ ವಾಲುವುದು ‘ಇದೆ’ ಎಂಬ ಕಡೆಗೇ. ಇಲ್ಲಿಯವರೆಗಿನದಕ್ಕೆ ನನ್ನ ಅಭಿಪ್ರಾಯ: ಕಾಯಿಲೆ ಬಹುಶಃ ಇದೆ.

ಅಸಲು ಪ್ರಶ್ನೆ ಶುರುವಾಗುವುದು ಇಲ್ಲಿಂದ, ಯಾಕೆ ಬಂತು ಎಂದು. ಈ ಕಾಯಿಲೆಯಲ್ಲಿ ಐದು ಗುಂಪುಗಳಿವೆ, ಒಂದರ ಔಷಧ ಇನ್ನೊಂದಕ್ಕೆ ನಂಜಾಗಬಹುದು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಹೃದಯದ ಎಡಭಾಗದ ತೊಂದರೆಯಿಂದ ಬರುವುದು. ನಮ್ಮಲ್ಲಿ ಚಿಕ್ಕವಯಸ್ಸಿನ ಕೀಲುವಾತ ಜ್ವರದಿಂದ ಎಡಭಾಗದ ಮೈಟ್ರಲ್ ಕವಾಟ ಕಿರಿದಾದ ಹೆಂಗಸರನ್ನು ಇವತ್ತಿಗೂ ನೋಡುತ್ತೇವೆ. ಬಲೂನ್ ಹಾಕಿ ಕವಾಟ ಬಿಡಿಸಿದರೆ ಅವರಲ್ಲಿ ಅನೇಕರಿಗೆ ಶ್ವಾಸಕೋಶದ ಒತ್ತಡವೂ ಇಳಿಯುತ್ತದೆ. ನಿಮ್ಮ ತಾಯಿಯ ಎಡಗಡೆ, ಕವಾಟಗಳು ಸರಿಯಿವೆ ಎಂದಿರುವುದರಿಂದ ಈ ಸಾಧ್ಯತೆ ಹಿಂದೆ ಸರಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆ, ತೂಕ ಇದ್ದವರಲ್ಲಿ ಎಡಭಾಗ ನೋಡಲು ಚೆನ್ನಾಗಿದ್ದೂ ಬಿಗಿಯಾಗಿರಬಹುದು.

ಸೌದೆ ಒಲೆಯ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಬೀಡಿ ಮುಟ್ಟದ ಹೆಂಗಸರಲ್ಲೂ ಹೊಗೆಯಿಂದ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಳಿಯುವ ದೀರ್ಘಕಾಲದ ಕಾಯಿಲೆ, ಬರುತ್ತದೆ, ಅದು ಬಲಿತರೆ ಶ್ವಾಸಕೋಶದ ಒತ್ತಡ ಏರುತ್ತದೆ. ಹಳೆಯ ಕ್ಷಯದಿಂದ ಶ್ವಾಸಕೋಶದ ದೊಡ್ಡ ಭಾಗ ಹಾಳಾದವರಲ್ಲೂ ಹೀಗಾಗುತ್ತದೆ. ಆದರೆ ಈ ದಾರಿಯಲ್ಲಿ ಬರುವ ಒತ್ತಡ ಬಹುಪಾಲು ಅಲ್ಪ ಪ್ರಮಾಣದ್ದು, ಅದಕ್ಕೆ ಶ್ವಾಸಕೋಶ ಸಾಕಷ್ಟು ಕೆಟ್ಟಿರಬೇಕು. ನಿಮ್ಮ ವರದಿಯಲ್ಲಿರುವುದು ‘ಅಲ್ಪ’ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಗೂಡುಗಳ ಗೋಡೆ ತುಸು ಹಾಳಾಗಿರುವುದು. ಸ್ಪೈರೋಮೆಟ್ರಿ, ಅಂದರೆ ಊದಿಸಿ ನೋಡುವ ಪರೀಕ್ಷೆ, ಮಾಡಿಸಿದ್ದೀರೆಂದು ನೀವು ಬರೆದಿಲ್ಲ. ಅದರಲ್ಲೂ ತೊಂದರೆ ಅಲ್ಪವೇ ಎಂದಾದರೆ ಒಲೆಯೊಂದರ ಮೇಲೆ ಇಷ್ಟೂ ತಪ್ಪು ಹೊರಿಸಲು ನಾನು ಒಪ್ಪುವುದಿಲ್ಲ. ಹಳ್ಳಿ, ಹೊಗೆ, ಹೆಂಗಸು, ದಮ್ಮು ಎಂದೊಡನೆ ಸಿಒಪಿಡಿ ಎಂದು ಬರೆದು ಇನ್ಹೇಲರ್ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿದೆ. ಹೊಗೆ ಕುಡಿದವರಿಗೆ ಬೇರೆ ಕಾಯಿಲೆ ಬರಬಾರದೆಂದು ನಿಯಮವೇನೂ ಇಲ್ಲ.

ಈಗ 2021ಕ್ಕೆ ಬರೋಣ. ಆಪರೇಶನ್ ಆಗಿ ಹಾಸಿಗೆಯಲ್ಲಿದ್ದಾಗ ಒಂದೇ ಕಾಲು ಊದುವುದು, ಬೆನ್ನಿಗೇ ಉಸಿರು ಕಟ್ಟುವುದು, ರಕ್ತ ತೆಳು ಮಾಡುವ ಮಾತ್ರೆ: ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು ಎಂಬುದರ ಹೊರತು ಇದಕ್ಕೆ ಬೇರೆ ಅರ್ಥ ನನಗೆ ಹೊಳೆಯುವುದಿಲ್ಲ. ಬಹುಪಾಲು ಜನರಲ್ಲಿ ಆ ಹೆಪ್ಪು ಕೆಲವು ತಿಂಗಳಲ್ಲಿ ಕರಗುತ್ತದೆ. ನೂರರಲ್ಲಿ ಎರಡರಿಂದ ನಾಲ್ಕು ಜನರಲ್ಲಿ ಕರಗದೆ, ನಾಳದ ಗೋಡೆಗೇ ಗಾಯದ ಕಲೆಯಂತೆ ಅಂಟಿ, ನಾರಾಗಿ ದಾರಿ ಮುಚ್ಚುತ್ತದೆ. ಉಳಿದ ನಾಳಗಳ ಮೇಲೆ ಹೊರೆ ಬೀಳುತ್ತದೆ, ಒತ್ತಡ ಏರುತ್ತದೆ. ಇದಕ್ಕೆ ಸಿಟೆಫ್ ಎನ್ನುತ್ತಾರೆ, ನಾಲ್ಕನೆಯ ಗುಂಪು. ಹೆಪ್ಪು ಬಂದದ್ದಕ್ಕೂ ಏದುಸಿರು ಶುರುವಾಗುವುದಕ್ಕೂ ನಡುವೆ ತಿಂಗಳುಗಳೋ ವರ್ಷಗಳೋ ಚೆನ್ನಾಗಿಯೇ ಕಳೆದಿರುತ್ತವೆ. ಹಾಗಾಗಿ ಮನೆಯವರು ಎರಡನ್ನೂ ಜೋಡಿಸುವುದಿಲ್ಲ, ಗಡಿಬಿಡಿಯ ಓಪಿಡಿಯಲ್ಲಿ ಡಾಕ್ಟರೂ ಕೇಳಿರುವುದಿಲ್ಲ.

ನಿಮ್ಮ ವರದಿಯ ‘ಮೊಸಾಯಿಕ್ ಅಟೆನ್ಯುಯೇಶನ್’ ಈ ಅನುಮಾನಕ್ಕೆ ಪುಷ್ಟಿ ಕೊಡುತ್ತದೆ. ಶ್ವಾಸಕೋಶ ಒಂದೇ ಸಮನಾಗಿ ಕಾಣದೆ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಬಿಳಿಚು ತೇಪೆಗಳಾಗಿ ಕಾಣುವುದೇ ಅದು. ರಕ್ತ ತಲುಪದ ಭಾಗ ಕಪ್ಪಾಗಿ, ಅಲ್ಲಿಯ ನಾಳಗಳು ಸಣಕಲಾಗಿ ಕಾಣುತ್ತವೆ. ಆದರೆ ಹೊಗೆಯಿಂದ ಸಣ್ಣ ಶ್ವಾಸನಾಳಗಳು ಕೆಟ್ಟು ಗಾಳಿ ಒಳಗೇ ಸಿಕ್ಕಿಕೊಂಡರೂ ಹೆಚ್ಚುಕಡಿಮೆ ಇದೇ ಚಿತ್ರ! ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ, ಉಸಿರು ಪೂರ್ತಿ ಹೊರಬಿಡಿಸಿ ಮತ್ತೆ ಕೆಲವು ಚಿತ್ರ ತೆಗೆಯುವುದು. ಗಾಳಿ ಸಿಕ್ಕಿಕೊಂಡಿದ್ದರೆ ಕಪ್ಪು ತೇಪೆಗಳು ಹಾಗೇ ಉಳಿದು ಇನ್ನಷ್ಟು ಎದ್ದು ಕಾಣುತ್ತವೆ. ರಕ್ತದ ಕೊರತೆಯಾದರೆ ಎಲ್ಲ ಭಾಗವೂ ಸಾಮಾನ್ಯವಾಗಿ ಜೊತೆಗೇ ಬಿಳಿಚುತ್ತದೆ. ಆ ಚಿತ್ರಗಳನ್ನು ತೆಗೆದಿದ್ದಾರೆಯೇ ಎಂದು ಸ್ಕ್ಯಾನ್ ಮಾಡಿದಲ್ಲಿ ವಿಚಾರಿಸಿ.

ಹಾಗಾದರೆ ಈಗ ಕಾಂಟ್ರಾಸ್ಟ್ ಕೊಟ್ಟು ಸಿಟಿ ಆಂಜಿಯೋಗ್ರಾಮ್ ಮಾಡಿದರೆ ಮುಗಿಯಿತಲ್ಲ ಎನ್ನುತ್ತೀರಿ. ಬೇಕಾಗುತ್ತದೆ, ಆದರೆ ಮೊದಲ ಪರೀಕ್ಷೆ ಅದಲ್ಲ. ಹೊಸ ಹೆಪ್ಪು ನಾಳದ ನಡುವೆ ಎದ್ದು ಕಾಣುತ್ತದೆ. ಹಳೆಯದು ಗೋಡೆಗೆ ಅಂಟಿದ ತೆಳು ಪದರವಾಗಿಯೋ, ನಾಳದೊಳಗೆ ಅಡ್ಡ ಕಟ್ಟಿದ ಎಳೆಯಾಗಿಯೋ, ಜೇಡರ ಬಲೆಯಂಥ ಜಾಲವಾಗಿಯೋ ಇರುತ್ತದೆ. ನುರಿತ ಕಣ್ಣಿಗೂ ತಪ್ಪಿಹೋಗುವಂಥದು. ಅದಕ್ಕೇ ಮಾರ್ಗಸೂಚಿಗಳು ಮೊದಲು ವಿ/ಕ್ಯೂ ಸ್ಕ್ಯಾನ್ ಮಾಡಿ ಎನ್ನುತ್ತವೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಗಾಳಿ ಎಲ್ಲೆಲ್ಲಿ ತಲುಪುತ್ತದೆ, ರಕ್ತ ಎಲ್ಲೆಲ್ಲಿ ತಲುಪುತ್ತದೆ ಎಂದು ಪ್ರತ್ಯೇಕ ಚಿತ್ರ ತೆಗೆಯುತ್ತಾರೆ. ಗಾಳಿ ಹೋಗಿ ರಕ್ತ ಹೋಗದ ಜಾಗಗಳು ಬೆಣೆಯಾಕಾರದಲ್ಲಿ ಖಾಲಿ ಕಂಡರೆ ಹಳೆಯ ಹೆಪ್ಪಿನ ಅನುಮಾನ ಬಲವಾಗುತ್ತದೆ. ಪೂರ್ತಿ ನಾರ್ಮಲ್ ಬಂದರೆ ಈ ಕಾರಣವನ್ನು ಕೈಬಿಡಬಹುದು. ವಿಕಿರಣ ಕಡಿಮೆ, ಮೂತ್ರಪಿಂಡಕ್ಕೆ ತೊಂದರೆಯಿಲ್ಲ. ತೊಡಕೆಂದರೆ ಇದು ಎಲ್ಲ ಊರಲ್ಲೂ ಸಿಗದು. ನಿಮ್ಮ ಕಡೆಯಿಂದ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕಾದೀತು.

ಹೊರಡುವ ಮೊದಲು ಅಟ್ಟ, ಬೀರು ಎಲ್ಲ ಜಾಲಾಡಿ 2021ರ ಸಿಟಿ ಹುಡುಕಿ. ಅದು ಕಾಂಟ್ರಾಸ್ಟ್ ಸಿಟಿ ಆಗಿದ್ದರೆ ಇವತ್ತು ಅದಕ್ಕಿಂತ ಬೆಲೆಬಾಳುವ ದಾಖಲೆ ನಿಮ್ಮಲ್ಲಿಲ್ಲ. ಆಗಲೇ ಪಲ್ಮನರಿ ಆರ್ಟರಿ 32 ಇತ್ತೇ, ಬಲ ಹೃತ್ಕುಕ್ಷಿಯ ಗೋಡೆ ಆಗಲೇ ದಪ್ಪಗಿತ್ತೇ, ಶ್ವಾಸನಾಳಗಳಿಗೆ ರಕ್ತ ಒಯ್ಯುವ ಬ್ರಾಂಕಿಯಲ್ ಧಮನಿಗಳು ಆಗಲೇ ಉಬ್ಬಿದ್ದವೇ? ಹೌದಾದರೆ ‘ಹೊಸ ಹೆಪ್ಪು’ ಎಂದುಕೊಂಡದ್ದು ಆಗಲೇ ಹಳೆಯದಾಗಿತ್ತು ಎಂದರ್ಥ. ಇಂಥ ಹಳೆಯ ಸಿಟಿಗಳನ್ನು ಮತ್ತೆ ತೆರೆದು ನೋಡಿದಾಗ ಉತ್ತರ ಅಲ್ಲೇ ಕೂತಿರುವುದನ್ನು ಹಲವು ಸಲ ಕಂಡಿದ್ದೇನೆ. ಮುದ್ರಿಸಿದ ಫಿಲ್ಮ್ ಸಾಲದು, ಸಿಡಿ ಬೇಕು. ಫಿಲ್ಮಿನಲ್ಲಿರುವುದು ನೂರಾರು ಚಿತ್ರಗಳಲ್ಲಿ ಆಯ್ದ ಕೆಲವು ಮಾತ್ರ. ಸಿಡಿ ಕಳೆದಿದ್ದರೆ ಆ ಆಸ್ಪತ್ರೆಯಲ್ಲಿ ಕೇಳಿ, ಹಲವರು ವರ್ಷಗಟ್ಟಲೆ ಇಟ್ಟುಕೊಂಡಿರುತ್ತಾರೆ.

ನಾನು ಇದನ್ನೇ ಹಿಡಿದು ಜಗ್ಗುವುದಕ್ಕೆ ಕಾರಣವಿದೆ. ಐದು ಗುಂಪುಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗಬಲ್ಲ ಮುಖ್ಯ ಬಗೆ ಇದೇ. ಪಲ್ಮನರಿ ಎಂಡಾರ್ಟೆರೆಕ್ಟಮಿ ಎಂಬ ಆ ಶಸ್ತ್ರಕ್ರಿಯೆಯಲ್ಲಿ ದೇಹವನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಂಪು ಮಾಡಿ, ಒಂದು ಸಲಕ್ಕೆ ಸುಮಾರು 20 ನಿಮಿಷ ರಕ್ತ ಸಂಚಾರವನ್ನೇ ನಿಲ್ಲಿಸಿ, ನಾಳದ ಒಳಗೋಡೆಗೆ ಅಂಟಿದ ಪದರವನ್ನು ಕವಲುಕವಲಾಗಿ ಬಿಡಿಸಿ ತೆಗೆಯುತ್ತಾರೆ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಬೆಳೆದ ವಿದ್ಯೆ. ಬೆಂಗಳೂರೂ ಸೇರಿ ಭಾರತದ ಕೆಲವೇ ಕೇಂದ್ರಗಳಲ್ಲಿ ನಡೆಯುತ್ತದೆ. ದೊಡ್ಡ ಆಪರೇಶನ್ನೇ. ಪಳಗಿದ ಕೈಗಳಲ್ಲಿ ಸಾವಿನ ಪ್ರಮಾಣ ಶೇ. 5ಕ್ಕಿಂತ ಕಡಿಮೆ, ಪಳಗದ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ ಎಲ್ಲಿ, ಯಾರು ಎಂಬುದು ಮುಖ್ಯ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಹೆಪ್ಪು ಸಣ್ಣ ನಾಳಗಳಲ್ಲಿದ್ದು ಚಾಕು ತಲುಪದಿದ್ದರೆ ಬಲೂನಿನಿಂದ ಹಂತಹಂತವಾಗಿ ದಾರಿ ಬಿಡಿಸುವುದಿದೆ, ರಿಯೋಸಿಗ್ವಾಟ್ ಎಂಬ ಮಾತ್ರೆಯಿದೆ. ಯಾವ ದಾರಿ ಹಿಡಿದರೂ ರಕ್ತ ತೆಳು ಮಾಡುವ ಮಾತ್ರೆ ಜೀವನಪರ್ಯಂತ. ರೋಗನಿರ್ಣಯ ಪಕ್ಕಾ ಮಾಡುವ ಮೊದಲೂ ಅದನ್ನು ಕನಿಷ್ಠ ಮೂರು ತಿಂಗಳು ಕೊಟ್ಟು ನೋಡುವುದು ಕ್ರಮ. ಹಾಗೆಂದು ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಯನ್ನು ನೀವಾಗಿಯೇ ಶುರುಮಾಡಬೇಡಿ. ರಕ್ತಸ್ರಾವದ ಅಪಾಯ ತೂಗಿನೋಡಿ ಡಾಕ್ಟರೇ ಹೇಳಬೇಕು.

ನೆಂಟರ ಸಲಹೆಗೆ ಬರುತ್ತೇನೆ. ಸಿಲ್ಡೆನಾಫಿಲ್ ವಯಾಗ್ರಾದಲ್ಲಿರುವ ಅದೇ ಔಷಧ, ನಾಚಿಕೊಳ್ಳುವಂಥದ್ದೇನಿಲ್ಲ. ಶ್ವಾಸಕೋಶದ ಸಣ್ಣ ಧಮನಿಗಳೇ ಬಿಗಿಯುವ ಮೊದಲನೆಯ ಗುಂಪಿನಲ್ಲಿ ಅದು ಒಳ್ಳೆಯ ಔಷಧ, 2005ರಿಂದ ಬಳಕೆಯಲ್ಲಿದೆ. ಆದರೆ ಎಡಭಾಗದ ಹೃದ್ರೋಗದಿಂದ ಬಂದ ಒತ್ತಡಕ್ಕೆ ಅದು ಸಲ್ಲದು. ಶ್ವಾಸಕೋಶದ ರಕ್ತ ಹೊರಹೋಗುವ ಸಣ್ಣ ಅಭಿಧಮನಿಗಳೇ ಮುಚ್ಚಿದ ಅಪರೂಪದ ಬಗೆಯೊಂದಿದೆ, ಅದರಲ್ಲಿ ಇಂಥ ಔಷಧ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಶ್ವಾಸಕೋಶ ಕೆಟ್ಟವರಲ್ಲಿ ರಕ್ತದ ಆಮ್ಲಜನಕ ಇನ್ನಷ್ಟು ಇಳಿಯಬಹುದು. ಇನ್ನು ಎಷ್ಟೋ ಮನೆಗಳಲ್ಲಿ ಎದೆನೋವಿಗೆಂದು ನಾಲಗೆ ಕೆಳಗಿಡುವ ಸಾರ್ಬಿಟ್ರೇಟ್ ಇಟ್ಟಿರುತ್ತಾರೆ. ಸಿಲ್ಡೆನಾಫಿಲ್ ಜೊತೆ ಅದನ್ನು ತೆಗೆದುಕೊಂಡರೆ ಬಿಪಿ ಪ್ರಾಣಕ್ಕೆ ಬರುವಷ್ಟು ಕುಸಿಯುತ್ತದೆ. ಇದಕ್ಕಿಂತ ನನಗೆ ಹೆದರಿಕೆ ಇನ್ನೊಂದಕ್ಕೆ. ಮಾತ್ರೆಯಿಂದ ಸ್ವಲ್ಪ ಹಗುರಾಗುತ್ತದೆ, ಎಲ್ಲರೂ ನಿರಾಳರಾಗುತ್ತಾರೆ, ಕಾರಣ ಹುಡುಕುವುದು ಅಲ್ಲಿಗೇ ನಿಲ್ಲುತ್ತದೆ. ಆಪರೇಶನ್‌ನಿಂದ ಗುಣವಾಗಬಹುದಾಗಿದ್ದವರು ಹೀಗೆ ವರ್ಷಗಟ್ಟಲೆ ಮಾತ್ರೆಯಲ್ಲೇ ಕಾಲ ಕಳೆದು, ಬಲಭಾಗ ಪೂರ್ತಿ ಸೋತ ಮೇಲೆ ಬರುವುದಿದೆ. ವಿ/ಕ್ಯೂ ಆಗುವವರೆಗೆ ತಡೆಯಿರಿ.

ತೂರುನಳಿಗೆ ಪರೀಕ್ಷೆ ಕೊನೆಗೆ ಬೇಕೇ ಬೇಕು, ಒತ್ತಡವನ್ನು ನಿಜವಾಗಿ ಅಳೆಯುವುದು ಅದೊಂದೇ. ಹೆಚ್ಚಿನವರು ಅಂದುಕೊಂಡಂತೆ ಇದು ಸ್ಟೆಂಟ್ ಹಾಕುವ ಆಂಜಿಯೋಗ್ರಾಮ್ ಅಲ್ಲ. ಕುತ್ತಿಗೆಯ, ತೋಳಿನ ಅಥವಾ ತೊಡೆಯ ಅಭಿಧಮನಿಯಿಂದ ತೆಳು ನಳಿಗೆಯೊಂದು ಬಲಭಾಗಕ್ಕೆ ಹೋಗುತ್ತದೆ, ಚರ್ಮಕ್ಕಷ್ಟೇ ಮರವು ಚುಚ್ಚುತ್ತಾರೆ. ಅನುಭವಿ ಕೇಂದ್ರಗಳಲ್ಲಿ ನಡೆದ ಸುಮಾರು 7,200 ಪರೀಕ್ಷೆಗಳ ಲೆಕ್ಕದಲ್ಲಿ ಗಂಭೀರ ತೊಂದರೆಯಾದದ್ದು ಶೇ. 1.1ರಷ್ಟು, ಸಾವು ನಾಲ್ಕು. ಅಮ್ಮನಿಗೆ ಧೈರ್ಯ ಹೇಳಲು ಒಂದು ಕಥೆಯಿದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್‌ನಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಎಳೆಯ ಡಾಕ್ಟರು ತನ್ನ ತೋಳಿನ ನಾಳಕ್ಕೆ ತಾನೇ ನಳಿಗೆ ತೂರಿಸಿ, ಹಾಗೇ ನಡೆದುಕೊಂಡು ಎಕ್ಸ್‌ರೇ ಕೋಣೆಗೆ ಹೋಗಿ, ಅದು ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದ. 1956ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅಂದಿನಂತೆ ಯಾರೂ ಈಗ ಸ್ವಂತಕ್ಕೆ ಪ್ರಯೋಗ ಮಾಡಿಕೊಳ್ಳಬೇಕಿಲ್ಲ. ಬೆಂಗಳೂರಿನ ಜಯದೇವದಂಥ ಹೃದ್ರೋಗ ಸಂಸ್ಥೆಗಳಲ್ಲಿ ಇದು ದಿನನಿತ್ಯದ ಕೆಲಸ. ಎಲ್ಲಿ ಮಾಡಿಸಿದರೂ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದರೆ ಯಾವ ಪರೀಕ್ಷೆ, ಯಾವ ಚಿಕಿತ್ಸೆ ಅದರಡಿ ಬರುತ್ತದೆಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ.

ಎರಡು-ಮೂರು ವರ್ಷದ ಆಯುಸ್ಸಿನ ಮಾತು ಸುಳ್ಳಲ್ಲ, ಹಳಸಿದ್ದು. 1980ರ ದಶಕದಲ್ಲಿ ಅಮೆರಿಕದಲ್ಲಿ ಮೊದಲನೆಯ ಗುಂಪಿನ ರೋಗಿಗಳನ್ನು ಹಿಂಬಾಲಿಸಿದಾಗ ಅರ್ಧದಷ್ಟು ಜನ 2.8 ವರ್ಷದೊಳಗೆ ತೀರಿಕೊಂಡಿದ್ದರು. ಆಗ ಇದಕ್ಕೆಂದೇ ಒಂದೂ ಔಷಧವಿರಲಿಲ್ಲ. ಅಂಥ ಮೊದಲ ಔಷಧಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಆ ಅಂಕಿಯನ್ನು ಬೇರೆ ಗುಂಪಿಗೆ ಸೇರಿರಬಹುದಾದ ನಿಮ್ಮ ತಾಯಿಗೆ ಅಂಟಿಸುವುದರಲ್ಲಿ ಅರ್ಥವಿಲ್ಲ. ಆ ಮೆಸೇಜ್ ಅಳಿಸಿಬಿಡಿ.

ಈ ಓಡಾಟದ ನಡುವೆ ಅಮ್ಮ ಭಾರ ಎತ್ತುವುದು, ಏರು ಹತ್ತುವುದು ಬೇಡ. ಸಮತಟ್ಟಿನಲ್ಲಿ ದಮ್ಮು ಬರದಷ್ಟು ನಡೆದಾಡಲಿ. ಒಲೆಯಿಂದ ದೂರವಿರಲಿ, ಮುಖ್ಯ ಕಾರಣ ಅದಲ್ಲದಿದ್ದರೂ ಎಂಫಿಸೀಮಾಕ್ಕೆ ಅದು ಒಳ್ಳೆಯದಲ್ಲ. ಬೆರಳಿನ ಆಕ್ಸಿಮೀಟರಿನಲ್ಲಿ ಕೂತಾಗ ಎಷ್ಟು, ನಡೆದ ಮೇಲೆ ಎಷ್ಟು ಎಂದು ಬರೆದಿಡಿ. ನಡೆಯುವಾಗ ಕಣ್ಣು ಕತ್ತಲೆ ಬಂದು ಬಿದ್ದರೆ, ಕೂತಲ್ಲೇ ಉಸಿರು ಸಾಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಒಂದೇ ಕಾಲು ಮತ್ತೆ ಊದಿದರೆ ಬೆಂಗಳೂರಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ಹತ್ತಿರದ ದೊಡ್ಡಾಸ್ಪತ್ರೆಗೆ ಅವತ್ತೇ ಹೋಗಿ, 2021ರ ಕಥೆಯನ್ನು ಮೊದಲ ವಾಕ್ಯದಲ್ಲೇ ಹೇಳಿ.

ಮಸ್ಕತ್ ಪ್ರಯಾಣ ಈಗ ಬೇಡ. ಹಾರುವಾಗ ವಿಮಾನದೊಳಗಿನ ಗಾಳಿ ಸುಮಾರು 2,400 ಮೀಟರ್ ಎತ್ತರದಲ್ಲಿರುವಷ್ಟು ತೆಳುವಾಗಬಹುದು, ಅಂದರೆ 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ತೆಳು. ಆಮ್ಲಜನಕ ಇಳಿದರೆ ಶ್ವಾಸಕೋಶದ ನಾಳಗಳು ಇನ್ನಷ್ಟು ಬಿಗಿಯುತ್ತವೆ. ಜೊತೆಗೆ, ಹಿಂದೊಮ್ಮೆ ಹೆಪ್ಪುಗಟ್ಟಿದವರು ಈಗ ರಕ್ತ ತೆಳುವಾಗುವ ಮಾತ್ರೆಯನ್ನೂ ತೆಗೆದುಕೊಳ್ಳದೆ ಗಂಟೆಗಟ್ಟಲೆ ಕಾಲು ಮಡಚಿ ಕೂರುವುದು ಸರಿಯಲ್ಲ. ಕಾಯಿಲೆ ಹತೋಟಿಗೆ ಬಂದ ಮೇಲೆ, ಬೇಕಿದ್ದರೆ ವಿಮಾನದಲ್ಲಿ ಆಮ್ಲಜನಕದ ಏರ್ಪಾಡು ಮಾಡಿಕೊಂಡು ಹೋಗಿಬರುವವರು ಇದ್ದಾರೆ. ಟಿಕೆಟ್ ರದ್ದು ಮಾಡುವ ಬದಲು ದಿನಾಂಕ ಮುಂದೂಡಲು ಬರುತ್ತದೆಯೇ ಎಂದು ಏರ್‌ಲೈನಿನವರನ್ನು ಕೇಳಿ. ಡಾಕ್ಟರ ಪತ್ರವಿದ್ದರೆ ಕೆಲವರು ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಾರೆ.